ಪ್ಲೇಲಿಸ್ಟ್ ನೋಡಿ ಮನುಷ್ಯನ ಗುಣ ಹೇಳಬಹುದೇ? ಸಂಗೀತಪ್ರಿಯರ ಬಗ್ಗೆ ಹರಿದಾಡುವ ಐದು ನಂಬಿಕೆಗಳು

'ನೀವು ಕೇಳುವ ಹಾಡು ನೀವು ಎಂಥವರು ಎಂದು ಹೇಳುತ್ತದೆ.' ಇಂಥ ತಲೆಬರಹದ ಸಂದೇಶ ನಿಮ್ಮ ಫೋನಿಗೂ ಒಂದಲ್ಲ ಒಂದು ಸಲ ಬಂದಿರುತ್ತದೆ. ಶಾಸ್ತ್ರೀಯ ಸಂಗೀತ ಕೇಳುವವರು ಬುದ್ಧಿವಂತರು, ಮೆಟಲ್ ಕೇಳುವವರು ಸಿಡುಕರು, ರ‍್ಯಾಪ್ ಕೇಳುವವರು ಪುಂಡರು, ಟಪಾಂಗುಚ್ಚಿ ಹಾಡಿಗೆ ಕುಣಿಯುವವರಿಗೆ ಅಭಿರುಚಿಯೇ ಇಲ್ಲ, ಎಲ್ಲವನ್ನೂ ಕೇಳುವವರಿಗೆ ಯಾವುದೂ ಅರ್ಥವಾಗುವುದಿಲ್ಲ. ಕೊನೆಯಲ್ಲಿ 'ವಿಜ್ಞಾನಿಗಳು ದೃಢಪಡಿಸಿದ್ದಾರೆ' ಎಂಬ ಸಾಲು ಇದ್ದೇ ಇರುತ್ತದೆ.

ಓದಿ ನಕ್ಕು ಬಿಟ್ಟರೆ ತೊಂದರೆಯಿಲ್ಲ. ಆದರೆ ಹದಿಹರೆಯದ ಮಗಳ ಹೆಡ್‌ಫೋನಿನಿಂದ ಹೊರಬರುವ ಅಬ್ಬರ ಕೇಳಿ 'ಇವಳು ಹಾಳಾಗುತ್ತಿದ್ದಾಳೆ' ಎಂದು ತೀರ್ಮಾನಿಸುವ ತಂದೆ ತಾಯಿಗೂ, ಕಪ್ಪು ಟೀ ಶರ್ಟ್ ನೋಡಿ ಬಾಡಿಗೆಗೆ ಮನೆ ಇಲ್ಲ ಎನ್ನುವ ಮಾಲೀಕರಿಗೂ ಇದು ತಮಾಷೆಯಾಗಿ ಉಳಿದಿರುವುದಿಲ್ಲ. ಅಮೆರಿಕದಲ್ಲಿ ಇಂಥ ನಂಬಿಕೆ ಕೊಲೆ ಮೊಕದ್ದಮೆಯೊಳಗೂ ನುಗ್ಗಿತ್ತು. ಅದರ ವಿವರ ಮುಂದೆ ಇದೆ. ಒಂದೊಂದೇ ನಂಬಿಕೆಯನ್ನು ತೆಗೆದುಕೊಂಡು, ಸಂಶೋಧನೆಗಳು ನಿಜವಾಗಿ ಏನು ಹೇಳುತ್ತವೆ ಎಂದು ನೋಡೋಣ.

ಒಂದೇ ನೋಟದಲ್ಲಿ

- ಶಾಸ್ತ್ರೀಯ ಸಂಗೀತ ಕೇಳಿದ ಮಾತ್ರಕ್ಕೆ ಬುದ್ಧಿ ಹೆಚ್ಚುವುದಿಲ್ಲ.
- ಅಬ್ಬರದ ಸಂಗೀತ ಕೇಳುವವರು ಅದರಿಂದ ಕ್ರೂರಿಗಳಾಗುತ್ತಾರೆ ಎನ್ನಲು ಗಟ್ಟಿ ಆಧಾರವಿಲ್ಲ.
- ಸ್ವಭಾವಕ್ಕೂ ಮೆಚ್ಚಿನ ಸಂಗೀತಕ್ಕೂ ಸಂಬಂಧ ಇದೆ, ಆದರೆ ಅದು ತೀರಾ ಸಣ್ಣದು.
- ಹಲವು ಬಗೆಯ ಸಂಗೀತ ಇಷ್ಟಪಡುವುದು ಸಾಮಾನ್ಯ ಸಂಗತಿ. ಅದು ಅಭಿರುಚಿ ಇಲ್ಲದಿರುವುದರ ಗುರುತಲ್ಲ.

ನಂಬಿಕೆ 1: ಶಾಸ್ತ್ರೀಯ ಸಂಗೀತ ಕೇಳಿದರೆ ಬುದ್ಧಿ ಬೆಳೆಯುತ್ತದೆ

ಗರ್ಭಿಣಿಯರಿಗೆ, ಪುಟ್ಟ ಮಕ್ಕಳ ತಾಯಂದಿರಿಗೆ ಹೆಚ್ಚಾಗಿ ಬರುವ ಫಾರ್ವರ್ಡ್ ಇದು. ಇದರ ಮೂಲ 1993ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಒಂದು ಪುಟ್ಟ ಪ್ರಬಂಧ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಫ್ರಾನ್ಸಿಸ್ ರಾಶರ್ ಮತ್ತು ಸಂಗಡಿಗರು 36 ಕಾಲೇಜು ವಿದ್ಯಾರ್ಥಿಗಳಿಗೆ ಮೊಜಾರ್ಟ್‌ನ ಪಿಯಾನೋ ಸಂಗೀತವನ್ನು 10 ನಿಮಿಷ ಕೇಳಿಸಿ, ಬಳಿಕ ಕಾಗದ ಮಡಚಿ ಕತ್ತರಿಸಿದರೆ ಯಾವ ಆಕಾರ ಬರುತ್ತದೆ ಎಂಬಂಥ ಪ್ರಶ್ನೆಗಳನ್ನು ಕೊಟ್ಟರು. ಮೌನವಾಗಿ ಕುಳಿತಾಗ ಬಂದುದಕ್ಕಿಂತ ಆಗ ಅಂಕ ಹೆಚ್ಚು ಬಂತು. ಆದರೆ ಆ ಪರಿಣಾಮ ಉಳಿದದ್ದು 10ರಿಂದ 15 ನಿಮಿಷ ಮಾತ್ರ.

ಇಲ್ಲಿ ಗಮನಿಸಿ: ಪರೀಕ್ಷೆಯಲ್ಲಿ ಒಂದು ಮಗುವೂ ಇರಲಿಲ್ಲ. ಒಟ್ಟಾರೆ ಬುದ್ಧಿಮತ್ತೆಯನ್ನು ಅಳೆಯಲೂ ಇಲ್ಲ. ಆದರೂ ಸುದ್ದಿ ಬಾಯಿಂದ ಬಾಯಿಗೆ ಹೋಗುತ್ತ 'ಮೊಜಾರ್ಟ್ ಕೇಳಿದ ಮಗು ಜಾಣವಾಗುತ್ತದೆ' ಎಂದಾಯಿತು. 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಝೆಲ್ ಮಿಲ್ಲರ್, ಹುಟ್ಟಿದ ಪ್ರತಿ ಮಗುವಿಗೂ ಶಾಸ್ತ್ರೀಯ ಸಂಗೀತದ ಧ್ವನಿಮುದ್ರಿಕೆ ಕೊಡಲು 1,05,000 ಡಾಲರ್ ಬೇಕೆಂದು ಬಜೆಟ್ ಪ್ರಸ್ತಾವ ಇಟ್ಟರು.

ಮರುವರ್ಷ ಕೆನಡಾದ ಸಂಶೋಧಕರು ಇದನ್ನು ಬೇರೆ ರೀತಿಯಲ್ಲಿ ಪರೀಕ್ಷಿಸಿದರು. ಮೊಜಾರ್ಟ್ ಬದಲು ಶೂಬರ್ಟ್ ಸಂಗೀತ ಕೇಳಿಸಿದರೂ ಅದೇ ಫಲಿತಾಂಶ ಬಂತು. ಆಮೇಲೆ ಮೊಜಾರ್ಟ್ ಸಂಗೀತವನ್ನು ಸ್ಟೀಫನ್ ಕಿಂಗ್ ಬರೆದ ಕಥೆಯೊಂದರ ಜೊತೆ ಹೋಲಿಸಿದರು. ಸಂಗೀತ ಇಷ್ಟಪಟ್ಟವರು ಸಂಗೀತ ಕೇಳಿದ ಮೇಲೆ, ಕಥೆ ಇಷ್ಟಪಟ್ಟವರು ಕಥೆ ಕೇಳಿದ ಮೇಲೆ ಚೆನ್ನಾಗಿ ಮಾಡಿದರು. ಅಂದರೆ ಕೆಲಸ ಮಾಡಿದ್ದು ಮೊಜಾರ್ಟ್ ಅಲ್ಲ, ಇಷ್ಟವಾದದ್ದನ್ನು ಕೇಳಿದಾಗ ಮನಸ್ಸಿಗೆ ಬರುವ ಉಲ್ಲಾಸ. 2010ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯದ ಸಂಶೋಧಕರು ಸುಮಾರು 40 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಮೊಜಾರ್ಟ್‌ಗೆ ಮಾತ್ರ ಇರುವ ವಿಶೇಷ ಶಕ್ತಿ ಯಾವುದೂ ಕಾಣಲಿಲ್ಲ.

ಹಾಗಾದರೆ ಮಗುವಿಗೆ ಸಂಗೀತ ಕೇಳಿಸಬಾರದೇ? ಖಂಡಿತ ಕೇಳಿಸಿ. ಅಜ್ಜಿಯ ಜೋಗುಳವಾದರೂ ಸರಿ, ಸಿನಿಮಾ ಹಾಡಾದರೂ ಸರಿ. ಅಂಕಪಟ್ಟಿಯ ಆಸೆ ಮಾತ್ರ ಬೇಡ.

ನಂಬಿಕೆ 2: ಜಾಣರು ಬೀಥೋವನ್ ಕೇಳುತ್ತಾರೆ, ದಡ್ಡರು ರ‍್ಯಾಪ್ ಕೇಳುತ್ತಾರೆ

ಈ ನಂಬಿಕೆಗೆ ಒಂದು ಚಿತ್ರಪಟದ 'ಸಾಕ್ಷಿ' ಇದೆ. 2009ರಲ್ಲಿ ಅಮೆರಿಕದ ವರ್ಜಿಲ್ ಗ್ರಿಫಿತ್ ಎಂಬವರು ಎರಡು ಪಟ್ಟಿಗಳನ್ನು ಜೋಡಿಸಿದರು. ಒಂದು, ಪ್ರತಿ ಕಾಲೇಜಿನ ವಿದ್ಯಾರ್ಥಿಗಳು ಫೇಸ್‌ಬುಕ್‌ನಲ್ಲಿ ಹೆಚ್ಚಾಗಿ ಮೆಚ್ಚಿದ ಸಂಗೀತಗಾರರು. ಇನ್ನೊಂದು, ಆ ಕಾಲೇಜಿನವರು ಸ್ಯಾಟ್ ಎಂಬ ಪ್ರವೇಶ ಪರೀಕ್ಷೆಯಲ್ಲಿ ಪಡೆದ ಸರಾಸರಿ ಅಂಕ. ಹಾಗೆ ಮೂಡಿದ ಚಿತ್ರದಲ್ಲಿ ಬೀಥೋವನ್ ಮೇಲಿನ ತುದಿಯಲ್ಲಿ, ರ‍್ಯಾಪ್ ಗಾಯಕ ಲಿಲ್ ವೇನ್ ಕೆಳಗಿನ ತುದಿಯಲ್ಲಿ ಕಾಣಿಸಿಕೊಂಡರು. ಚಿತ್ರ ಅಂತರ್ಜಾಲದ ತುಂಬ ಹರಿದಾಡಿತು.

ಇದರಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು, ಇದು ಕಾಲೇಜುಗಳ ಸರಾಸರಿ, ಒಬ್ಬೊಬ್ಬ ವಿದ್ಯಾರ್ಥಿಯ ಲೆಕ್ಕ ಅಲ್ಲ. ಬೀಥೋವನ್ ಮೆಚ್ಚಿದ ಹುಡುಗನಿಗೇ ಹೆಚ್ಚು ಅಂಕ ಬಂದಿದೆ ಎಂದು ಇದು ಹೇಳುವುದೇ ಇಲ್ಲ. ಎರಡನೆಯದು, ಎರಡು ಸಂಗತಿಗಳು ಒಟ್ಟಿಗೆ ಕಂಡವು ಎಂದರೆ ಒಂದರಿಂದ ಇನ್ನೊಂದು ಹುಟ್ಟಿತು ಎಂದಲ್ಲ. ದುಬಾರಿ ಶಾಲೆ, ಮನೆಯಲ್ಲಿ ಪಿಯಾನೋ, ಪ್ರವೇಶ ಪರೀಕ್ಷೆಗೆ ಕೋಚಿಂಗ್ ಇವೆಲ್ಲ ಸಿಗುವುದು ಹಣವಿರುವ ಮನೆಗಳಲ್ಲಿ. ಅಂಕ, ಬೀಥೋವನ್ ಎರಡರ ಹಿಂದೆಯೂ ಅಪ್ಪನ ಸಂಬಳ ನಿಂತಿರಬಹುದು. ಆಗ ಆ ಚಿತ್ರ ಅಳೆಯುತ್ತಿರುವುದು ಬುದ್ಧಿಯನ್ನಲ್ಲ, ಮನೆಯ ಸ್ಥಿತಿಯನ್ನು.

ನಂಬಿಕೆ 3: ಹೆವಿ ಮೆಟಲ್ ಕೇಳುವವರು ಕೋಪಿಷ್ಠರು, ಅಪಾಯಕಾರಿಗಳು

ಕಿರುಚುವ ದನಿ, ಸಿಡಿಯುವ ಗಿಟಾರ್, ಸಾವಿನ ಕುರಿತ ಸಾಲುಗಳು. ಹೊರಗಿನಿಂದ ಕೇಳುವವರಿಗೆ ಹಾಗೆ ಅನ್ನಿಸುವುದು ಸಹಜ. ಕೇಳುಗರನ್ನೇ ಕರೆದು ಪರೀಕ್ಷಿಸಿದವರು ಏನು ಕಂಡರು?

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಲಿಯಾ ಶರ್ಮನ್ ಮತ್ತು ಜೆನೆವೀವ್ ಡಿಂಗಲ್ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 18ರಿಂದ 34 ವರ್ಷದ 39 ಮಂದಿ ಮೆಟಲ್ ಹಾಗೂ ಅಂಥದೇ ಅಬ್ಬರದ ಸಂಗೀತದ ಅಭಿಮಾನಿಗಳಿದ್ದರು. ಮೊದಲು ಅವರಿಗೆ ಕೋಪ ತರಿಸಿದ ಘಟನೆಗಳನ್ನು ನೆನಪಿಸಿ ಮಾತಾಡಿಸಿದರು. ಆಮೇಲೆ ಅರ್ಧ ಮಂದಿಗೆ ತಮ್ಮ ಇಷ್ಟದ ಹಾಡು ಕೇಳಲು ಬಿಟ್ಟು, ಉಳಿದವರನ್ನು ಮೌನವಾಗಿ ಕೂರಿಸಿದರು. ಹಾಡು ಕೇಳಿದವರ ಸಿಟ್ಟು ಏರಲಿಲ್ಲ. ಮೌನವಾಗಿ ಕೂತವರಂತೆ ಅವರದೂ ಇಳಿಯಿತು. ಜೊತೆಗೆ ಹಾಡು ಕೇಳಿದವರಲ್ಲಿ ಹುರುಪು ಹೆಚ್ಚಿತ್ತು. ಅಧ್ಯಯನ ಸಣ್ಣದು, ಇದ್ದವರೆಲ್ಲ ಅಭಿಮಾನಿಗಳೇ ಎಂಬುದು ನೆನಪಿರಲಿ. ಮೆಟಲ್ ಇಷ್ಟವಿಲ್ಲದವರನ್ನು ಕೂರಿಸಿ ಕೇಳಿಸಿದರೆ ಕೋಪ ಬಂದರೂ ಬರಬಹುದು!

ಸ್ಕಾಟ್ಲೆಂಡ್‌ನ ಹೆರಿಯಟ್ ವಾಟ್ ವಿಶ್ವವಿದ್ಯಾಲಯದ ಆಡ್ರಿಯನ್ ನಾರ್ತ್ 2008ರಲ್ಲಿ ಬಹಿರಂಗಪಡಿಸಿದ ಸಮೀಕ್ಷೆಯಲ್ಲಿ ಹಲವು ದೇಶಗಳ 36,000ಕ್ಕೂ ಹೆಚ್ಚು ಜನ ಪಾಲ್ಗೊಂಡಿದ್ದರು. ಅದರ ಅಚ್ಚರಿಯ ಅಂಶವೆಂದರೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಅಭಿಮಾನಿಗಳೂ ಮೆಟಲ್ ಅಭಿಮಾನಿಗಳೂ ಸ್ವಭಾವದಲ್ಲಿ ಬಹಳ ಹತ್ತಿರದವರು: ಸೃಜನಶೀಲರು, ಮೃದು ಮನಸ್ಸಿನವರು, ಹೆಚ್ಚು ಬೆರೆಯದವರು. ಎದ್ದು ಕಾಣುವ ವ್ಯತ್ಯಾಸವೆಂದರೆ ವಯಸ್ಸು.

ಬೆಂಗಳೂರಿಗೆ ಈ ಸಂಗೀತ ಹೊಸದಲ್ಲ. 2007ರ ಮಾರ್ಚ್‌ನಲ್ಲಿ ಐರನ್ ಮೇಡನ್ ತಂಡ ಭಾರತದಲ್ಲಿ ತನ್ನ ಮೊದಲ ಕಾರ್ಯಕ್ರಮ ಕೊಟ್ಟದ್ದು ಇಲ್ಲಿನ ಅರಮನೆ ಮೈದಾನದಲ್ಲಿ. 2011ರ ಅಕ್ಟೋಬರ್‌ನಲ್ಲಿ ಮೆಟಾಲಿಕಾ ತಂಡವೂ ಅಲ್ಲಿಗೇ ಬಂದು ನುಡಿಸಿ ಹೋಯಿತು.

ಅದೇ ಮೆಟಾಲಿಕಾದ ಹೆಸರು ಅಮೆರಿಕದ ಒಂದು ನ್ಯಾಯಾಲಯದಲ್ಲಿ ಕೇಳಿಬಂದದ್ದು ಬೇರೆಯೇ ರೀತಿಯಲ್ಲಿ.

ಟೀ ಶರ್ಟ್ ಸಾಕ್ಷಿಯಾದಾಗ

1993ರ ಮೇ ತಿಂಗಳಲ್ಲಿ ಅರ್ಕನ್ಸಾ ರಾಜ್ಯದ ವೆಸ್ಟ್ ಮೆಂಫಿಸ್ ಎಂಬ ಊರಿನಲ್ಲಿ ಎಂಟು ವರ್ಷದ ಮೂವರು ಬಾಲಕರ ಕೊಲೆಯಾಯಿತು. ಊರೇ ನಡುಗಿತು. ಸೈತಾನನ ಪೂಜೆಗೆ ಬಲಿ ಕೊಟ್ಟಿದ್ದಾರೆ ಎಂಬ ಗುಲ್ಲು ಎದ್ದಿತು. ಪೊಲೀಸರು ಹದಿಹರೆಯದ ಮೂವರನ್ನು ಹಿಡಿದರು. ಅವರಲ್ಲಿ ಡೇಮಿಯನ್ ಎಕೋಲ್ಸ್‌ಗೆ ಆಗ 18 ವರ್ಷ. ಕಪ್ಪು ಬಟ್ಟೆ ಹಾಕುವ, ಮೆಟಾಲಿಕಾ ಕೇಳುವ, ಸ್ಟೀಫನ್ ಕಿಂಗ್ ಕಾದಂಬರಿ ಓದುವ ಹುಡುಗ. ಮೂವರಲ್ಲಿ ಒಬ್ಬ ದೀರ್ಘ ವಿಚಾರಣೆಯ ಬಳಿಕ ತಪ್ಪೊಪ್ಪಿಕೊಂಡು, ನಂತರ ಆ ಹೇಳಿಕೆಯನ್ನು ಹಿಂತೆಗೆದುಕೊಂಡ. ಎಕೋಲ್ಸ್ ವಿಚಾರಣೆಯಲ್ಲಿ ಅವನ ಕಪ್ಪು ಬಟ್ಟೆ, ಓದು, ಹಾಡಿನ ಅಭಿರುಚಿ ಎಲ್ಲವನ್ನೂ ಸೈತಾನನ ಆರಾಧನೆಯ ಸುಳಿವುಗಳಂತೆ ಮುಂದಿಡಲಾಯಿತು. 1994ರಲ್ಲಿ ಎಕೋಲ್ಸ್‌ಗೆ ಮರಣದಂಡನೆ, ಉಳಿದಿಬ್ಬರಿಗೆ ಜೀವಾವಧಿ ಶಿಕ್ಷೆಯಾಯಿತು.

ಮುಂದೆ ಡಿಎನ್ಎ ಪರೀಕ್ಷೆ ನಡೆದಾಗ ಕೊಲೆ ನಡೆದ ಜಾಗದ ಮಾದರಿಗಳಲ್ಲಿ ಈ ಮೂವರದು ಎನ್ನುವಂಥದ್ದು ಸಿಗಲಿಲ್ಲ. 2011ರ ಆಗಸ್ಟ್ 19ರಂದು, 18 ವರ್ಷ ಸೆರೆಯಲ್ಲಿದ್ದ ಬಳಿಕ, ಮೂವರೂ ಹೊರಬಂದರು. ಅವರು ಬಿಡುಗಡೆಯಾದದ್ದು ಒಂದು ವಿಶೇಷ ಒಪ್ಪಂದದ ಮೇಲೆ: 'ನಾವು ನಿರಪರಾಧಿಗಳು' ಎಂದು ಹೇಳುತ್ತಲೇ, ಶಿಕ್ಷೆ ಕೊಡಿಸುವಷ್ಟು ಸಾಕ್ಷ್ಯ ಸರ್ಕಾರದ ಬಳಿ ಇದೆ ಎಂದು ಒಪ್ಪಿಕೊಳ್ಳುವುದು. ಹಾಗಾಗಿ ಕಾನೂನಿನ ಕಾಗದದಲ್ಲಿ ಅವರು ದೋಷಮುಕ್ತರಾಗಿ ಬಿಡುಗಡೆಯಾದವರಲ್ಲ.

ಈ ಪ್ರಕರಣದಲ್ಲಿ ಬೇರೆ ಎಷ್ಟೋ ಸಂಗತಿಗಳಿದ್ದವು, ಸಂಗೀತ ಒಂದೇ ಕಾರಣವಲ್ಲ. ಆದರೆ ಒಬ್ಬ ಹುಡುಗ ಏನು ಮಾಡಿದ ಎಂದು ಕೇಳಬೇಕಾದ ಕಡೆ ಏನು ಕೇಳುತ್ತಿದ್ದ ಎಂಬುದೂ ತಕ್ಕಡಿಗೆ ಬಿತ್ತು.

ನಂಬಿಕೆ 4: ಮೆಚ್ಚಿನ ಹಾಡು ಹೇಳಿ, ನಿಮ್ಮ ಗುಣ ಹೇಳುತ್ತೇವೆ

ಇದರಲ್ಲಿ ನಿಜದ ಒಂದು ಎಳೆ ಇದೆ. ಅದನ್ನು ಮರೆಮಾಚಬೇಕಿಲ್ಲ. ಪೀಟರ್ ರೆಂಟ್‌ಫ್ರೋ ಮತ್ತು ಸ್ಯಾಮ್ ಗಾಸ್ಲಿಂಗ್ ಎಂಬ ಮನೋವಿಜ್ಞಾನಿಗಳು ಅಪರಿಚಿತರ ಮೆಚ್ಚಿನ 10 ಹಾಡುಗಳನ್ನು ಕೇಳಿಸಿ, ಅವರ ಸ್ವಭಾವ ಊಹಿಸಲು ಹೇಳಿದರು. 2006ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹೊಸ ಅನುಭವಗಳಿಗೆ ಮನಸ್ಸು ತೆರೆದವರೇ ಎಂಬುದನ್ನು ಜನ ಸುಮಾರಾಗಿ ಸರಿಯಾಗಿ ಊಹಿಸಿದರು.

ಇದೇ ಜೋಡಿ 2007ರಲ್ಲಿ ಇನ್ನೊಂದು ಪ್ರಶ್ನೆ ಕೇಳಿತು: ಒಂದೊಂದು ಬಗೆಯ ಸಂಗೀತದ ಅಭಿಮಾನಿಗಳು ಎಂಥವರು? ಕಾಲೇಜು ವಿದ್ಯಾರ್ಥಿಗಳ ಉತ್ತರಗಳು ಪರಸ್ಪರ ಚೆನ್ನಾಗಿ ಹೊಂದಿದವು. ಅಂದರೆ ಹಣೆಪಟ್ಟಿಗಳು ಎಲ್ಲರ ತಲೆಯಲ್ಲೂ ಸಿದ್ಧವಾಗಿದ್ದವು. ಆದರೆ ನಿಜವಾದ ಅಭಿಮಾನಿಗಳಿಗೆ ಅವು ಎಷ್ಟು ಹೊಂದುತ್ತವೆ ಎಂದು ನೋಡಿದಾಗ ಕೆಲವು ಕಡೆ ಅಷ್ಟಿಷ್ಟು ಹೊಂದಿದವು, ಹಲವು ಕಡೆ ಹೊಂದಲಿಲ್ಲ. ಎಲ್ಲರೂ ಒಪ್ಪುತ್ತಾರೆ ಎಂಬ ಕಾರಣಕ್ಕೆ ಒಂದು ಮಾತು ನಿಜವಾಗುವುದಿಲ್ಲ.

2017ರಲ್ಲಿ ಥಾಮಸ್ ಶೇಫರ್ ಮತ್ತು ಕ್ಲೌಡಿಯಾ ಮೆಲ್‌ಹಾರ್ನ್ ಅದುವರೆಗಿನ ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ಲೆಕ್ಕ ಹಾಕಿದರು. ಸ್ವಭಾವಕ್ಕೂ ಸಂಗೀತದ ಆಯ್ಕೆಗೂ ಇರುವ ಬಹುತೇಕ ಸಂಬಂಧಗಳು ಸೊನ್ನೆಗೆ ಹತ್ತಿರ ಇದ್ದವು.

ಇದನ್ನು ಊಟದ ಉದಾಹರಣೆಯಲ್ಲಿ ಹೇಳಬಹುದು. ಕರಾವಳಿಯಲ್ಲಿ ಮೀನು ತಿನ್ನುವವರು ಹೆಚ್ಚು ಎಂಬುದು ಸರಿ. ಹಾಗೆಂದು ಉಡುಪಿಯಿಂದ ಬಂದ ಅತಿಥಿಗೆ ಕೇಳದೆಯೇ ಮೀನು ಬಡಿಸಿಬಿಡುತ್ತೀರಾ? ಗುಂಪಿನ ಸರಾಸರಿ ಒಂದು, ಎದುರಿಗೆ ಕೂತ ಮನುಷ್ಯ ಇನ್ನೊಂದು.

ನಂಬಿಕೆ 5: ಎಲ್ಲವನ್ನೂ ಕೇಳುವವರಿಗೆ ಅಭಿರುಚಿ ಇಲ್ಲ

ಬೆಳಿಗ್ಗೆ ದಾಸರ ಪದ, ಬಸ್ಸಿನಲ್ಲಿ ರ‍್ಯಾಪ್, ಅಡುಗೆ ಮಾಡುವಾಗ ಹಳೆಯ ಸಿನಿಮಾ ಹಾಡು, ರಾತ್ರಿ ಗಜಲ್. ಇದು ಎಷ್ಟೋ ಜನರ ದಿನಚರಿ. 'ನಿಜವಾದ ರಸಿಕ ಒಂದಕ್ಕೇ ಅಂಟಿಕೊಳ್ಳುತ್ತಾನೆ' ಎನ್ನುವವರು ಇದನ್ನು ಕೀಳಾಗಿ ನೋಡುತ್ತಾರೆ.

ಅಮೆರಿಕದ ಸಮಾಜವಿಜ್ಞಾನಿಗಳಾದ ರಿಚರ್ಡ್ ಪೀಟರ್ಸನ್ ಮತ್ತು ರೋಜರ್ ಕರ್ನ್ 1996ರಲ್ಲಿ ಬರೆದ ಪ್ರಬಂಧ ಇಲ್ಲಿ ಮುಖ್ಯ. 1982 ಮತ್ತು 1992ರ ರಾಷ್ಟ್ರೀಯ ಸಮೀಕ್ಷೆಗಳನ್ನು ಅವರು ಹೋಲಿಸಿದರು. ಶಾಸ್ತ್ರೀಯ ಸಂಗೀತ, ಆಪೆರಾ ಮೆಚ್ಚುವ 'ಉನ್ನತ ಅಭಿರುಚಿ'ಯವರು ಉಳಿದ ಸಂಗೀತವನ್ನು ದೂರ ಇಡುತ್ತಾರೆ ಎಂಬುದು ರೂಢಿಯ ನಂಬಿಕೆ. ಆದರೆ ಆ ಹತ್ತು ವರ್ಷಗಳಲ್ಲಿ ಅವರೇ ಜನಪ್ರಿಯ ಸಂಗೀತದ ಹಲವು ಬಗೆಗಳನ್ನೂ ಹೆಚ್ಚು ಹೆಚ್ಚಾಗಿ ಮೆಚ್ಚತೊಡಗಿದ್ದರು. ಇಂಥವರಿಗೆ ಪೀಟರ್ಸನ್ ಇಟ್ಟ ಹೆಸರು 'ಸರ್ವಭಕ್ಷಕರು'.

ಅದೇ ವರ್ಷ ಬೆಥನಿ ಬ್ರೈಸನ್ ಎಂಬ ಇನ್ನೊಬ್ಬ ಸಮಾಜವಿಜ್ಞಾನಿ ಒಂದು ಇರಿಯುವ ಪ್ರಶ್ನೆ ಕೇಳಿದರು: ಎಲ್ಲವನ್ನೂ ಕೇಳುತ್ತೇನೆ ಎನ್ನುವವರು ಯಾವುದನ್ನು ಬಿಡುತ್ತಾರೆ? ಹೆಚ್ಚು ಓದಿದವರು ಬೇಡ ಎನ್ನುವ ಸಂಗೀತದ ಪಟ್ಟಿ ಚಿಕ್ಕದಿತ್ತು. ಆದರೆ ಆ ಪಟ್ಟಿಯಲ್ಲಿ ಉಳಿದದ್ದು ಹೆವಿ ಮೆಟಲ್, ರ‍್ಯಾಪ್, ಕಂಟ್ರಿ, ಗಾಸ್ಪೆಲ್. ಇವು ನಾಲ್ಕೂ ಕಡಿಮೆ ಓದಿದವರ ನಡುವೆ ಹೆಚ್ಚು ಕೇಳುಗರಿದ್ದ ಬಗೆಗಳು. 'ಆ ಸಂಗೀತ ನನಗಾಗದು' ಎನ್ನುವಾಗ ಒಮ್ಮೊಮ್ಮೆ ನಾವು ದೂರ ಇಡುತ್ತಿರುವುದು ಸಂಗೀತವನ್ನಲ್ಲ, ಅದನ್ನು ಕೇಳುವ ಜನರನ್ನು.

ಸಂಗೀತಗಾರರೇ ಇಂಥ ಬೇಲಿಗಳನ್ನು ಎಷ್ಟೋ ಸಲ ದಾಟಿದ್ದಾರೆ. ಅದಕ್ಕೆ ಕರ್ನಾಟಕದಲ್ಲೇ ಉದಾಹರಣೆಗಳು ಬೇಕಾದಷ್ಟಿವೆ.

- ಜಯಚಾಮರಾಜೇಂದ್ರ ಒಡೆಯರ್: ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದ ಮೈಸೂರಿನ ಮಹಾರಾಜರು ರಷ್ಯಾದ ನಿಕೊಲಾಯ್ ಮೆಟ್ನರ್ ಅವರ ರಚನೆಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟರು. ಜರ್ಮನಿಯ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ಗೀತೆಗಳು 1950ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿ ವೇದಿಕೆ ಏರಿದಾಗಲೂ ನೆರವು ಇವರದೇ.
- ಮಲ್ಲಿಕಾರ್ಜುನ ಮನ್ಸೂರ್: ಮೊದಲು ಕಲಿತದ್ದು ಕರ್ನಾಟಕ ಸಂಗೀತ, ಹೆಸರು ಮಾಡಿದ್ದು ಹಿಂದೂಸ್ತಾನಿಯಲ್ಲಿ. ನಾಟಕ ಕಂಪನಿಯಲ್ಲೂ ಇದ್ದರು, ವಚನಗಳನ್ನೂ ಹಾಡಿದರು.
- ಭೀಮಸೇನ ಜೋಶಿ: ಖಯಾಲ್ ಜೊತೆಗೆ ದಾಸರ ಪದ, ಮರಾಠಿ ಅಭಂಗ ಹಾಡಿದರು. 1956ರ 'ಬಸಂತ್ ಬಹಾರ್' ಹಿಂದಿ ಚಿತ್ರಕ್ಕೆ ಮನ್ನಾ ಡೇ ಜೊತೆ ದನಿಗೂಡಿಸಿದರು.
- ಕದ್ರಿ ಗೋಪಾಲನಾಥ್: ನಾಗಸ್ವರದ ಮನೆತನದ ಹುಡುಗ ಮೈಸೂರು ಅರಮನೆಯ ಬ್ಯಾಂಡ್‌ನಲ್ಲಿ ಸ್ಯಾಕ್ಸೊಫೋನ್ ನೋಡಿ ಮನಸೋತು, ಆ ಪಾಶ್ಚಾತ್ಯ ವಾದ್ಯದಲ್ಲಿ ಕರ್ನಾಟಕ ಸಂಗೀತ ನುಡಿಸಿದರು.

ಇವರಲ್ಲಿ ಯಾರಿಗೆ ಅಭಿರುಚಿ ಇರಲಿಲ್ಲ ಎನ್ನುತ್ತೀರಿ?

ಹಾಗಾದರೆ ಈ ಹಣೆಪಟ್ಟಿಗಳು ಎಲ್ಲಿಂದ ಬಂದವು?

ಒಂದಷ್ಟು ಪಾಲು ಅಭ್ಯಾಸದ್ದು. ಚಿಕ್ಕಂದಿನಿಂದ ಕೇಳಿದ್ದು ಸಂಗೀತವಾಗಿ ಕೇಳಿಸುತ್ತದೆ, ಕೇಳದಿದ್ದದ್ದು ಗದ್ದಲವಾಗಿ ಕೇಳಿಸುತ್ತದೆ. ಬೊಲಿವಿಯಾದ ಕಾಡಿನಲ್ಲಿ ವಾಸಿಸುವ, ಪಾಶ್ಚಾತ್ಯ ಸಂಗೀತದ ಸೋಂಕು ಹೆಚ್ಚಿಲ್ಲದ ತ್ಸಿಮಾನೆ ಜನರಿಗೆ ಸಂಶೋಧಕರು ಸ್ವರಜೋಡಣೆಗಳನ್ನು ಕೇಳಿಸಿದರು. ಪಾಶ್ಚಾತ್ಯರು ಕರ್ಕಶ ಎನ್ನುವ ಜೋಡಣೆಯೂ ಇಂಪು ಎನ್ನುವ ಜೋಡಣೆಯೂ ಅವರಿಗೆ ಒಂದೇ ಸಮನಾಗಿ ಹಿಡಿಸಿದವು. 2016ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಇದು. ಕಿವಿಯ ಇಂಪಿನಲ್ಲೂ ಕಲಿಕೆಯ ಪಾಲು ದೊಡ್ಡದು.

ಇನ್ನೊಂದಷ್ಟು ಪಾಲು ಅಧಿಕಾರದ್ದು. ನಮ್ಮ ಆಕಾಶವಾಣಿಯ ಇತಿಹಾಸವನ್ನೇ ನೋಡಿ. ಹಾರ್ಮೋನಿಯಂ ಭಾರತೀಯ ಸಂಗೀತಕ್ಕೆ ಒಗ್ಗುವುದಿಲ್ಲ ಎಂದು 1940ರಿಂದ ಮೂರು ದಶಕ ಅದನ್ನು ಹೊರಗಿಟ್ಟಿದ್ದರು. 1952ರಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ. ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡುಗಳು ಕೀಳು ಅಭಿರುಚಿಯವು ಅನ್ನಿಸಿತ್ತು. ಆಕಾಶವಾಣಿಯಿಂದ ಅವು ಮಾಯವಾದವು. ಕೇಳುಗರು ಸುಮ್ಮನಾದರೇ? ರೇಡಿಯೋದ ಮುಳ್ಳನ್ನು ರೇಡಿಯೋ ಸಿಲೋನ್ ಕಡೆಗೆ ತಿರುಗಿಸಿದರು. ಅಲ್ಲಿ ಅದೇ ವರ್ಷ ಅಮೀನ್ ಸಯಾನಿ ಅವರ 'ಬಿನಾಕಾ ಗೀತ್‌ಮಾಲಾ' ಶುರುವಾಗಿತ್ತು. ಕೊನೆಗೆ 1957ರ ಅಕ್ಟೋಬರ್ 3ರಂದು ಸರ್ಕಾರವೇ 'ವಿವಿಧ ಭಾರತಿ' ಆರಂಭಿಸಿ ಸಿನಿಮಾ ಹಾಡುಗಳಿಗೆ ಬಾಗಿಲು ತೆರೆಯಬೇಕಾಯಿತು. ಅಂದು ಕೀಳು ಎನಿಸಿಕೊಂಡ ಹಾಡುಗಳನ್ನೇ ಇಂದು ನಾವು 'ಆ ಕಾಲದ ಹಾಡುಗಳ ಮಟ್ಟವೇ ಬೇರೆ' ಎಂದು ಹೊಗಳಿ ಫಾರ್ವರ್ಡ್ ಮಾಡುತ್ತೇವೆ.

ಮನೆಯವರು ನಿಜವಾಗಿ ಗಮನಿಸಬೇಕಾದದ್ದು ಏನು?

ಧ್ವನಿಯ ಮಟ್ಟ. ನಿಮ್ಮ ಕಿವಿಯೊಳಗಿನ ಸೂಕ್ಷ್ಮ ಕೋಶಗಳಿಗೆ ಭಜನೆ ಯಾವುದು, ಮೆಟಲ್ ಯಾವುದು ಎಂಬ ಭೇದ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ ಸುರಕ್ಷಿತ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಮಕ್ಕಳಿಗೆ ಅಷ್ಟೇ ಹೊತ್ತಿಗೆ 75 ಡೆಸಿಬೆಲ್. ಧ್ವನಿ ಏರಿದಂತೆ ಕೇಳುವ ಹೊತ್ತು ಇಳಿಯಬೇಕು. ಹಲವು ಫೋನ್‌ಗಳ ಸೆಟ್ಟಿಂಗ್ಸ್‌ನಲ್ಲಿ ಗರಿಷ್ಠ ಧ್ವನಿಗೆ ಮಿತಿ ಹಾಕುವ ಸೌಲಭ್ಯ ಇದೆ.

ನಡವಳಿಕೆಯ ಬದಲಾವಣೆ. ಮಗ ಅಥವಾ ಮಗಳು ನಿದ್ದೆ, ಊಟ ಬಿಟ್ಟರೆ, ಗೆಳೆಯರಿಂದ ದೂರವಾದರೆ, ಓದಿನಲ್ಲಿ ಏಕಾಏಕಿ ಆಸಕ್ತಿ ಕಳೆದುಕೊಂಡರೆ ಅದು ಚಿಂತಿಸಬೇಕಾದ ವಿಷಯ. ಕೇಳುವ ಹಾಡು ಯಾವುದೇ ಇರಲಿ. ದುಃಖದ ಹಾಡನ್ನೇ ಮತ್ತೆ ಮತ್ತೆ ಕೇಳುತ್ತಿದ್ದರೆ ಹಾಡು ನಿಲ್ಲಿಸುವುದಕ್ಕಿಂತ 'ಈ ಹಾಡಿನಲ್ಲಿ ನಿನಗೆ ಏನು ಇಷ್ಟ?' ಎಂದು ಪಕ್ಕದಲ್ಲಿ ಕೂತು ಕೇಳುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಮಾನಸಿಕ ನೆರವು ಬೇಕೆನಿಸಿದರೆ ಕೇಂದ್ರ ಸರ್ಕಾರದ 'ಟೆಲಿ ಮಾನಸ್' ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ.

ಫಾರ್ವರ್ಡ್ ಮಾಡುವ ಮುನ್ನ ಕೇಳಿಕೊಳ್ಳಬೇಕಾದ ಮೂರು ಪ್ರಶ್ನೆಗಳು

1. 'ವಿಜ್ಞಾನಿಗಳು ಹೇಳಿದ್ದಾರೆ' ಎಂದಿದೆಯಲ್ಲ, ಯಾವ ವಿಜ್ಞಾನಿ, ಯಾವ ವರ್ಷ, ಎಷ್ಟು ಜನರನ್ನು ಪರೀಕ್ಷಿಸಿದರು ಎಂಬ ವಿವರ ಇದೆಯೇ?
2. ಅಧ್ಯಯನ ಗುಂಪಿನ ಸರಾಸರಿಯ ಬಗ್ಗೆ ಹೇಳಿದ್ದನ್ನು ಸಂದೇಶ ಒಬ್ಬೊಬ್ಬ ಮನುಷ್ಯನ ಮೇಲೆ ಹೇರುತ್ತಿದೆಯೇ?
3. ಈ ಸಂದೇಶ ನಮ್ಮ ಸಂಗೀತವನ್ನು ಹೊಗಳುತ್ತಿದೆಯೋ, ಬೇರೆಯವರನ್ನು ಹಳಿಯುತ್ತಿದೆಯೋ?

ಮೂರನೆಯ ಪ್ರಶ್ನೆಗೆ ಉತ್ತರ 'ಹಳಿಯುತ್ತಿದೆ' ಎಂದಾದರೆ ಸಂದೇಶವನ್ನು ಅಲ್ಲೇ ಬಿಟ್ಟು, ಅದರ ಬದಲು ನಿಮಗೆ ಇಷ್ಟವಾದ ಒಂದು ಹಾಡಿನ ಲಿಂಕ್ ಕಳುಹಿಸಿ. ಅವರಿಗೆ ಇಷ್ಟವಾದ ಒಂದು ಹಾಡನ್ನೂ ಕೇಳಿ ಪಡೆಯಿರಿ.